ಕುರಾಮೋಚಿ ಸೆನ್ಸೇಗೆ ಗೊತ್ತಿಲ್ಲದ ಒಂದು ವಿಷಯ

ಸಭೆಯಲ್ಲಿ ಅಧ್ಯಕ್ಷರು "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದು ಕೇಳಿದಾಗ ಎದ್ದು ನಿಂತು ಏನನ್ನಾದರೂ ಹೇಳುವುದು ಅಪರಾಧವೆಂದು ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಕಾವಾಬೆ ಊರಿನಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ.

ಮಾಡಿದವರು ಮನೋವೈದ್ಯ ಕುರಾಮೋಚಿ ತಾದಾಮಿಚಿ. ಬಂದರಿನ ಹಿಂದಿನ ರಸ್ತೆಯಲ್ಲಿ ಅವರ ಸಣ್ಣ ಕ್ಲಿನಿಕ್ಕು. ಎದುರಿಗೆ ಅಕ್ಕಿ ಹಪ್ಪಳದ ಅಂಗಡಿ, ಪಕ್ಕದಲ್ಲಿ ಮುಚ್ಚಿಹೋದ ಛತ್ರಿ ಅಂಗಡಿ. ಊರಿನವರೆಲ್ಲ ಅವರನ್ನು ಸೆನ್ಸೇ, ಅಂದರೆ ಗುರುಗಳು, ಎಂದು ಕರೆದು ತಲೆಬಾಗುತ್ತಿದ್ದರು. ಅವರೂ ತಲೆಬಾಗುತ್ತಿದ್ದರು, ಎದುರಿನವರಿಗಿಂತ ಒಂದು ಗೇಣು ಹೆಚ್ಚಾಗಿಯೇ. ತಲೆಬಾಗುವುದರಲ್ಲಿ ಅವರನ್ನು ಸೋಲಿಸಿದವರು ಊರಿನಲ್ಲಿ ಇರಲಿಲ್ಲ.

ಎಲ್ಲವೂ ಶುರುವಾದದ್ದು ಒಂದು ಫೋನಿನಿಂದ. ಜಿಲ್ಲೆಯ ಮನೋವೈದ್ಯರ ಸಂಘದ ಕಾರ್ಯದರ್ಶಿ ತೋಗಾಶಿ ಫೋನ್ ಮಾಡಿದ್ದರು. ಅವರೂ ಮನೋವೈದ್ಯರೇ, ಆದರೆ ಕೆಲಸವೆಲ್ಲ ಫೋನಿನದು.

"ಕುರಾಮೋಚಿ ಸೆನ್ಸೇ, ಬಿಡುವಿಲ್ಲದ ಹೊತ್ತಲ್ಲಿ ತೊಂದರೆ ಕೊಡ್ತಿದ್ದೀನಿ. ಈ ಸಲ ಮೇಲಿನವರು ಒಂದು ವಿಷಯ ಕೇಳಿದ್ದಾರೆ. ವೃತ್ತಿಯಲ್ಲಿರೋ ಮನೋವೈದ್ಯರು ಇನ್ನೂ ಏನೇನು ಕಲೀಬೇಕು ಅಂತ ಗುರುತಿಸಿ ಕಳಿಸಬೇಕಂತೆ. ಸಭೇಲಿ ಅದೇ ವಿಷಯ."

"ಓ, ಹೌದಾ."

"ನಮ್ಮ ಅಧ್ಯಕ್ಷರು ಮಾಕಿಶಿಮಾ ಸೆನ್ಸೇ ಅವರು ಹೊಸ ನಿದ್ರೆ ಮಾತ್ರೆಗಳ ಬಗ್ಗೆ ಬಹಳ ಯೋಚನೆ ಮಾಡಿದ್ದಾರೆ."

"ಅವರು ಯಾವಾಗಲೂ ಬಹಳ ಯೋಚನೆ ಮಾಡ್ತಾರೆ."

"ಹೌದು ಹೌದು. ಬಹಳಾನೇ ಯೋಚನೆ ಮಾಡಿದ್ದಾರೆ," ಎಂದು ತೋಗಾಶಿ ಇನ್ನೊಮ್ಮೆ ಒತ್ತಿ ಹೇಳಿ, ಹವೆಯ ಬಗ್ಗೆ ಎರಡು ಮಾತಾಡಿ ಫೋನಿಟ್ಟರು.

ಬೇರೆ ಯಾವ ವೈದ್ಯರಿಗಾದರೂ ಇಷ್ಟು ಸಾಕಾಗಿತ್ತು. ತೀರ್ಮಾನ ಆಗಿಹೋಗಿದೆ, ನಿದ್ರೆ ಮಾತ್ರೆಯ ಬಗ್ಗೆ ಮಾಕಿಶಿಮಾ ಸೆನ್ಸೇ ಉಪನ್ಯಾಸ ಕೊಡುತ್ತಾರೆ, ನಾವು ಹೋಗಿ ಕುಳಿತು, ತಲೆಯಾಡಿಸಿ, ಊಟದ ಡಬ್ಬಿ ಖಾಲಿ ಮಾಡಿ ಬರಬೇಕು. ಸಭೆಗೆ ಮುಂಚೆಯೇ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ಮುಗಿಸಿಬಿಡುವುದು, ಆಮೇಲೆ ಮುಗಿದುಹೋದ ವಿಷಯಕ್ಕೆ ಸಭೆ ಸೇರುವುದು ಅಲ್ಲಿನ ಕ್ರಮ. ಕುರಾಮೋಚಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಫೋನಿಟ್ಟ ಮೇಲೆ ಅವರ ಮನಸ್ಸಾಕ್ಷಿ ಕೆಲಸ ಮಾಡತೊಡಗಿತು. ಎಂಬತ್ತು ದಾಟಿದ ಗುರುಗಳು ಅಷ್ಟೊಂದು ಯೋಚನೆ ಮಾಡಿದ್ದಾರೆ, ನಾನು ಒಂದು ಗಳಿಗೆಯೂ ಯೋಚಿಸಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಯೋಚಿಸಲು ಕುಳಿತರು. ಕಷ್ಟ ಹುಟ್ಟಿದ್ದು ಅಲ್ಲಿ.

ಫೋನ್ ಬಂದಾಗ ಅವರ ಎದುರಿಗೆ, ಅವರು ಮರ್ಯಾದೆಯಿಂದ ನುಕಾದಾ ಸಾನ್ ಎಂದು ಕರೆಯುವ ರೋಗಿ ಕುಳಿತಿದ್ದ. ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂತು ನಿವೃತ್ತನಾದವನು, ಹೆಂಡತಿ ತೀರಿಕೊಂಡ ಮೇಲೆ ನಿದ್ರೆ ಬಾರದೆಂದು ಎರಡು ವಾರಕ್ಕೊಮ್ಮೆ ಮಂಗಳವಾರ ಬರುತ್ತಿದ್ದ. "ಹೇಗಿದ್ದೀರಿ?" ಎಂದು ಕೇಳಿದರೆ, "ತಮ್ಮ ದಯೆಯಿಂದ ಚೆನ್ನಾಗಿದ್ದೀನಿ," ಎಂದು ತಲೆಬಾಗುತ್ತಿದ್ದ. ಕುರಾಮೋಚಿ ಅದೇ ಮಾತ್ರೆ ಬರೆದುಕೊಡುತ್ತಿದ್ದರು. ಅವನು ಇನ್ನೊಮ್ಮೆ ತಲೆಬಾಗಿ ಹೋಗುತ್ತಿದ್ದ. ಚಿಕಿತ್ಸೆ ಅಂದರೆ ಇಷ್ಟೇ.

ಹಿಂದೊಮ್ಮೆ ಮೀನು ಮಾರುಕಟ್ಟೆಯ ಗುಮಾಸ್ತನೊಬ್ಬನೂ ಹೀಗೆಯೇ ಚೆನ್ನಾಗಿದ್ದೀನಿ ಎಂದು ನಗುತ್ತಾ ತಲೆಬಾಗಿ ಹೋದವನು ಮುಂದಿನ ಸಲ ಬರಲಿಲ್ಲ. ಅವನ ಉತ್ತರಕ್ರಿಯೆ ಮುಗಿಸಿಕೊಂಡು ತಂಗಿ ಬಂದಳು. ಇಷ್ಟು ದಿನ ಅಣ್ಣನನ್ನು ನೋಡಿಕೊಂಡಿರಿ, ತುಂಬಾ ಉಪಕಾರವಾಯಿತು ಎಂದು ಒಂದು ಪೆಟ್ಟಿಗೆ ಸಿಹಿ ಕೊಟ್ಟು ಹೋದಳು. ಆ ಸಿಹಿಯನ್ನು ಕುರಾಮೋಚಿಗೆ ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಆದ್ದರಿಂದ ತನಗೆ ಏನು ಗೊತ್ತಿಲ್ಲ ಎಂದು ವಾರಪೂರ್ತಿ ಯೋಚಿಸಿದ ಅವರಿಗೆ ಕೊನೆಗೆ ಉಳಿದದ್ದು ಒಂದೇ ವಿಷಯ.

ಸಭೆ ಊರಿನ ಹೋಟೆಲಿನ ಎರಡನೇ ಮಹಡಿಯಲ್ಲಿ ನಡೆಯಿತು. ಅಧ್ಯಕ್ಷ ಮಾಕಿಶಿಮಾ ಸೆನ್ಸೇ ನಿವೃತ್ತ ಪ್ರಾಧ್ಯಾಪಕರು. ಅಲ್ಲಿದ್ದ ವೈದ್ಯರಲ್ಲಿ ಮುಕ್ಕಾಲು ಪಾಲು ಜನಕ್ಕೆ ಪಾಠ ಹೇಳಿದವರು, ಕೆಲವರಿಗೆ ಹೆಣ್ಣು ಹುಡುಕಿ ಮದುವೆಯನ್ನೂ ಮಾಡಿಸಿದವರು. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಮ್ಮ ವೈದ್ಯರಿಗೆ ಇನ್ನೂ ಯಾವ ವಿಷಯದಲ್ಲಿ ಕಲಿಕೆ ಬೇಕು? ಯಾರಿಗಾದರೂ ಏನಾದರೂ ಹೇಳುವುದಿದೆಯೇ?"

ಎಲ್ಲರೂ ತಮ್ಮತಮ್ಮ ಚಹಾ ಲೋಟದೊಳಗೆ ನೋಡಿದರು. ಈ ಮೌನವೂ ಕಾರ್ಯಕ್ರಮದ ಒಂದು ಭಾಗ. ಸ್ವಲ್ಪ ಹೊತ್ತು ಮೌನ, ಆಮೇಲೆ ತೋಗಾಶಿ ಎದ್ದು "ಹಾಗಾದರೆ ನಿದ್ರೆ ಮಾತ್ರೆಗಳ ವಿಷಯವನ್ನು..." ಎನ್ನುವುದು, ಆಮೇಲೆ ಚಪ್ಪಾಳೆ. ತೋಗಾಶಿ ಏಳಲು ಕುರ್ಚಿ ಹಿಂದಕ್ಕೆ ತಳ್ಳಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನೊಂದು ಕುರ್ಚಿ ಕಿರ್ರೆಂದಿತು.

"ಕ್ಷಮಿಸಬೇಕು," ಎಂದರು ಕುರಾಮೋಚಿ. "ರೋಗಿ 'ಚೆನ್ನಾಗಿದ್ದೀನಿ' ಅಂದಾಗ ಅದು ನಿಜವೋ ಸುಳ್ಳೋ ನನಗೆ ಗೊತ್ತಾಗಲ್ಲ. ಇಷ್ಟು ವರ್ಷ ಆದರೂ ಗೊತ್ತಾಗಲ್ಲ. ಅದನ್ನ ಯಾರಾದರೂ ಹೇಳಿಕೊಟ್ಟರೆ ಕಲೀಬೇಕು ಅಂತ ಆಸೆ."

ಯಾರದೋ ಚಾಪ್‌ಸ್ಟಿಕ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಮನೋವೈದ್ಯರು ತುಂಬಿದ್ದ ಕೋಣೆಯಲ್ಲಿ ಒಬ್ಬ ಮನೋವೈದ್ಯ ಎದ್ದು ನಿಂತು ನನಗೆ ಮನಸ್ಸು ತಿಳಿಯುವುದಿಲ್ಲ ಎಂದುಬಿಟ್ಟಿದ್ದ. ಅಡಿಗೆಯವರ ಸಂಘದಲ್ಲಿ ಎದ್ದು ನಿಂತು ನನಗೆ ಉಪ್ಪಿನ ರುಚಿ ಗೊತ್ತಾಗುವುದಿಲ್ಲ ಅಂದ ಹಾಗೆ.

ಮಾಕಿಶಿಮಾ ಸೆನ್ಸೇ ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ತೆರೆದು, "ಬಹಳ ಬೆಲೆಯುಳ್ಳ ಅಭಿಪ್ರಾಯ," ಎಂದರು. ಕಾವಾಬೆಯಲ್ಲಿ ಹಿರಿಯರು ಯಾರನ್ನಾದರೂ ಹೀಗೆ ಹೊಗಳಿದರೆ, ಹೊಗಳಿಸಿಕೊಂಡವನು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದೇ ಉಳಿದ ದಾರಿ.

ವಿಷಯ ಅಲ್ಲಿಗೇ ಸಾಯುತ್ತಿತ್ತೋ ಏನೋ. ಆದರೆ ಆರೋಗ್ಯ ಇಲಾಖೆಯಿಂದ ಅಜಿಮಾ ಎಂಬ ಹುಡುಗಿ ಬಂದು ಮೂಲೆಯಲ್ಲಿ ಕುಳಿತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೇಳಿದ್ದನ್ನು ಬರೆದುಕೊಂಡು ಬಾ ಎಂದು ಕಳಿಸಿದ್ದರು. ಅದುವರೆಗೆ ಯಾರೂ ಏನೂ ಹೇಳಿರಲಿಲ್ಲ. ಈಗ ಒಬ್ಬರು ಹೇಳಿದರು. ಅವಳು ಬರೆದುಕೊಂಡಳು.

ಮೇಲಿನವರಿಗೆ ಸ್ವರ್ಗವೇ ಕೈಗೆ ಸಿಕ್ಕ ಹಾಗಾಯಿತು. ಉಳಿದ ಜಿಲ್ಲೆಗಳ ಮನೋವೈದ್ಯರೆಲ್ಲ ಒಕ್ಕೊರಲಿನಿಂದ ಬರೆದು ಕಳಿಸಿದ್ದರು: ವಿಶೇಷವಾಗಿ ಏನೂ ಇಲ್ಲ, ನಾವೆಲ್ಲ ಚೆನ್ನಾಗಿದ್ದೇವೆ. ಆ ವರ್ಷ ತರಬೇತಿಗೆಂದು ತೆಗೆದಿಟ್ಟ ಹಣವನ್ನು ವಸಂತ ಬರುವ ಮೊದಲು ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಕೊಡುವುದಿಲ್ಲ. ಇಡೀ ಪ್ರಾಂತ್ಯದಲ್ಲಿ ಗುರುತಿಸಬಹುದಾದ ಅಗತ್ಯ ಒಂದೇ ಸಿಕ್ಕಿತ್ತು. ಅದು ಕುರಾಮೋಚಿ.

ತೋಗಾಶಿ ಮತ್ತೆ ಫೋನ್ ಮಾಡಿದರು.

"ಅಭಿನಂದನೆಗಳು ಸೆನ್ಸೇ. ತಮ್ಮ ಅಗತ್ಯ ಮಂಜೂರಾಗಿದೆ."

"ನನ್ನ ಅಗತ್ಯವಾ? ಅದು ನಮ್ಮೆಲ್ಲರದೂ ಅಲ್ವಾ?"

"ಬೇರೆ ಯಾರೂ ಹೇಳಲಿಲ್ಲವಲ್ಲ ಸೆನ್ಸೇ. ಕಾಗದದ ಪ್ರಕಾರ ಗೊತ್ತಿಲ್ಲದವರು ತಾವೊಬ್ಬರೇ."

"ತಮಗೆ ಗೊತ್ತಾಗುತ್ತಾ, ತೋಗಾಶಿ ಸೆನ್ಸೇ? ರೋಗಿ ಹಾಗಂದಾಗ?"

"ಇವತ್ತು ಗಾಳಿ ಜಾಸ್ತಿ ಅಲ್ವಾ?" ಎಂದು ತೋಗಾಶಿ ಫೋನಿಟ್ಟರು.

ಊರಿನ ಪತ್ರಿಕೆಯ ಒಳಪುಟದಲ್ಲಿ, ಮೂಲಂಗಿ ಬೆಳೆಯ ಸುದ್ದಿಯ ಕೆಳಗೆ ಸಣ್ಣದೊಂದು ಸುದ್ದಿ ಬಂತು. ರೋಗಿ ನಿಜಕ್ಕೂ ಚೆನ್ನಾಗಿದ್ದಾನೆಯೇ ಎಂಬುದನ್ನು ಅರಿಯಲು ಮನೋವೈದ್ಯರಿಗೆ ವಿಶೇಷ ತರಬೇತಿ ನಡೆಯಲಿದೆ, ಬಂದರು ರಸ್ತೆಯ ವೈದ್ಯರೊಬ್ಬರ ಕೋರಿಕೆಯೇ ಇದಕ್ಕೆ ಕಾರಣ ಎಂದಿತ್ತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಬಂದರು ರಸ್ತೆಯಲ್ಲಿ ಮನೋವೈದ್ಯರು ಒಬ್ಬರೇ.

ಅವತ್ತು ಬೆಳಿಗ್ಗೆಯೇ ಎದುರಿನ ಹಪ್ಪಳದಂಗಡಿಯ ತಾಬಾತಾ ಅಮ್ಮ ರಸ್ತೆ ದಾಟಿ ಬಂದರು. ಕುರಾಮೋಚಿಯ ಹೆಂಡತಿ ಸುಮಿಯೆ ಬಾಗಿಲ ಮುಂದೆ ಗುಡಿಸುತ್ತಿದ್ದರು.

"ಅಯ್ಯೋ ಸುಮಿಯೆ ಸಾನ್, ಎಷ್ಟು ಕಷ್ಟಪಟ್ಟಿರಬೇಕು ನೀವು," ಎಂದರು ತಾಬಾತಾ ಅಮ್ಮ.

"ಕಷ್ಟಾನಾ? ಏನು ಕಷ್ಟ?"

"ಇಷ್ಟು ವರ್ಷ ಅವರಿಗೆ ಏನೂ ಗೊತ್ತಾಗ್ತಿರಲಿಲ್ಲ ಅಂತೆ. ಒಬ್ಬರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟು ಸಂಸಾರ ತೂಗಿಸಿದ್ದೀರಲ್ಲ. ನಮ್ಮ ಯಜಮಾನರಿಗೂ ಕಿವಿ ಹೋದಾಗ ನಾನು ಹೀಗೇ ಮಾಡಿದ್ದೆ. ಗಿರಾಕಿ ಬಂದರೆ ನಾನೇ ಕಾಲಿಂದ ಒದ್ದು ಎಬ್ಬಿಸ್ತಿದ್ದೆ." ಒಂದು ಪೊಟ್ಟಣ ಹಪ್ಪಳ ಸುಮಿಯೆಯ ಕೈಗೆ ತುರುಕಿದರು. "ತಗೊಳ್ಳಿ. ಅವರಿಗೆ ಮೆತ್ತಗಿರೋದನ್ನೇ ಆರಿಸಿದ್ದೀನಿ."

ರೋಗಿಗಳು ಇನ್ನೂ ಒಳ್ಳೆಯವರು. ಒಬ್ಬರೂ ಕುರಾಮೋಚಿಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೆನ್ಸೇಗೆ ತಿಳಿಯುವುದು ಕಷ್ಟವಂತೆ, ನಾವೇ ಸುಲಭ ಮಾಡಿಕೊಡಬೇಕು ಎಂದು ಅವರು ಮನಸ್ಸು ಮಾಡಿದರು. ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ, "ಸೆನ್ಸೇ, ನಾನು ನಿಜವಾಗಲೂ ಚೆನ್ನಾಗಿದ್ದೀನಿ, ಇದು ನಿಜವಾದ ನಿಜವಾಗಲೂ, ನೀವು ಚೂರೂ ಚಿಂತೆ ಮಾಡಬೇಡಿ," ಎಂದಳು. ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದು ತನ್ನ ಕಷ್ಟಕ್ಕೋ ಸೆನ್ಸೇಯ ಕಷ್ಟಕ್ಕೋ, ಕುರಾಮೋಚಿಗೆ ತಿಳಿಯಲಿಲ್ಲ. ಟ್ಯಾಕ್ಸಿ ಓಡಿಸುವವನೊಬ್ಬ ಬಂದು ಅಲ್ಲಿಯೇ ಎದ್ದು ಕುಣಿದು ತೋರಿಸಿದ. "ನೋಡಿ ಸೆನ್ಸೇ, ಕಾಯಿಲೆ ಇರೋನು ಹೀಗೆ ಕುಣೀತಾನಾ?" ಎಂದು ಏದುಸಿರು ಬಿಡುತ್ತಾ ಕೇಳಿದ. ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಸೆನ್ಸೇಗೆ ವಿಶ್ರಾಂತಿ ಬೇಕು ಎನ್ನುವುದು ಅವರ ಅಭಿಪ್ರಾಯ.

ಮುಂದಿನ ಕೋಣೆಯಲ್ಲಿ ಚೀಟಿ ಕೊಡುತ್ತಿದ್ದ ಹಾಮಾಜಿಮಾ ಸಾನ್ ಮೀನಿನ ತೊಟ್ಟಿಯ ಗಾಜನ್ನು ದಿನಕ್ಕೆ ಹಲವು ಸಲ ಒರೆಸತೊಡಗಿದಳು. ಬೇರೆ ಕೆಲಸವಿರಲಿಲ್ಲ.

ಭಾನುವಾರ ಸುಮಿಯೆಯ ಅಣ್ಣ ಬಂದ. ಹಲ್ಲಿನ ಡಾಕ್ಟರು. ಹೆಸರು ಗೋನ್‌ನೊಸುಕೆ. ಧ್ವನಿಯೂ ಹೆಸರಿಗೆ ತಕ್ಕಂತೆ ದಪ್ಪ.

"ಅಲ್ಲಯ್ಯಾ, ಗೊತ್ತಿಲ್ಲ ಅಂತ ಯಾಕೆ ಹೇಳಿದೆ?"

"ಕೇಳಿದರು ಭಾವಾ."

"ಕೇಳ್ತಾರಪ್ಪ! ಕೇಳೋದು ಅವರ ಮರ್ಯಾದೆ. ಹೇಳದೇ ಇರೋದು ನಮ್ಮ ಮರ್ಯಾದೆ. ಮದುವೆ ಮನೇಲಿ ಇನ್ನೂ ಸ್ವಲ್ಪ ಬಡಿಸಲಾ ಅಂದರೆ ಪಾತ್ರೆನೇ ಎತ್ತಿಕೊಂಡು ಹೋಗ್ತೀಯಾ?"

"ಆದರೆ ನಿಜವಾಗಲೂ ಗೊತ್ತಾಗಲ್ಲವಲ್ಲ."

"ಅದಕ್ಕೇ ಹೇಳಿದ್ದು ನಾನು, ಅವತ್ತೇ, ಹಲ್ಲಿಗೆ ಬಾ ಅಂತ. ತೂತಿದ್ದರೆ ತೂತು ಇದೆ, ಇಲ್ಲದಿದ್ದರೆ ಇಲ್ಲ. ಯಾವ ಹಲ್ಲೂ ಬಾಯಿಬಿಟ್ಟು ತಮ್ಮ ದಯೆಯಿಂದ ಚೆನ್ನಾಗಿದ್ದೀನಿ ಅನ್ನಲ್ಲ."

ಸುಮಿಯೆ ಚಹಾ ತಂದಿಟ್ಟು, "ಅಣ್ಣಾ, ಇವರು ಚೆನ್ನಾಗೇ ಇದ್ದಾರೆ ಬಿಡು," ಎಂದರು. ಕುರಾಮೋಚಿ ಹೆಂಡತಿಯ ಮುಖ ನೋಡಿದರು. ಅವಳಿಗೂ ಗೊತ್ತಾಗುವುದಿಲ್ಲ ಎಂದು ಅವರಿಗೆ ಆಗ ಹೊಳೆಯಿತು. ಹೊಳೆದು ಇನ್ನಷ್ಟು ಕತ್ತಲಾಯಿತು.

ಎರಡು ದಿನ ಕಳೆದು ಮಂಗಳವಾರ ಬಂತು. ನುಕಾದಾ ಸಾನ್ ಬರಲಿಲ್ಲ.

ಉಳಿದವರು ಬಾರದಿದ್ದಾಗ ಕುರಾಮೋಚಿ ಸುಮ್ಮನಿದ್ದರು. ನುಕಾದಾ ಹಾಗಲ್ಲ. ಹಿಮ ಬಿದ್ದು ಬಸ್ಸು ನಿಂತ ದಿನವೂ ನಡೆದು ಬಂದವನು. ಕುರಾಮೋಚಿ ಗಡಿಯಾರ ನೋಡಿದರು, ಬಾಗಿಲು ನೋಡಿದರು. ಬಾಗಿಲ ಗಾಜಿನ ಮೇಲೆ ನೆರಳು ಬಿದ್ದಾಗಲೆಲ್ಲ ಯಾರೋ ಸಿಹಿ ಪೆಟ್ಟಿಗೆ ಹಿಡಿದು ಬಂದರೆಂದು ಅವರ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಎದ್ದರು.

"ಸೆನ್ಸೇ, ಎಲ್ಲಿಗೆ?" ಎಂದಳು ಹಾಮಾಜಿಮಾ.

ಅವರು ಕ್ಲಿನಿಕ್ಕಿನೊಳಗೆ ಮಾತ್ರ ಹಾಕುವ ಕಂದು ಚಪ್ಪಲಿಯಲ್ಲೇ ರಸ್ತೆಗೆ ಓಡಿದರು. ಒಳಗಿನ ಚಪ್ಪಲಿ ಹಾಕಿಕೊಂಡು ಹೊರಗೆ ಓಡುವ ವೈದ್ಯರನ್ನು ಕಾವಾಬೆ ಅದೇ ಮೊದಲು ನೋಡಿದ್ದು. ಹಪ್ಪಳದಂಗಡಿಯಲ್ಲಿ ಹಪ್ಪಳ ಕರಕಲಾಯಿತು. ಅದನ್ನು ತಿರುಗಿಸಬೇಕಾಗಿದ್ದ ತಾಬಾತಾ ಅಮ್ಮ ರಸ್ತೆಯಲ್ಲಿದ್ದರು. ಸೇತುವೆಯ ಮೇಲೆ ಒಂದು ಚಪ್ಪಲಿ ಕಳಚಿ ಹೊಳೆಗೆ ಬಿತ್ತು. ಇನ್ನೊಂದನ್ನು ಕುರಾಮೋಚಿ, ಒಂದಿಟ್ಟುಕೊಂಡು ಏನು ಮಾಡುವುದೆಂದು, ಸೇತುವೆಯ ಕಟ್ಟೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟು ಓಡಿದರು. ಸೇತುವೆಯ ಮೇಲೆ ಹಾಗೆ ಕಳಚಿಟ್ಟ ಪಾದರಕ್ಷೆ ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಮನೋವೈದ್ಯರಿಗಂತೂ ಗೊತ್ತಿರಬೇಕಿತ್ತು. ಹಿಂದೆಯೇ ಬರುತ್ತಿದ್ದ ಬಡಾವಣೆ ಸಂಘದ ಮುಖ್ಯಸ್ಥ ಕೊಮಿನಾಮಿ ಅದನ್ನು ಕಂಡ. ಕ್ಲಿನಿಕ್ಕಿನ ಹೆಸರು ಅಚ್ಚಾಗಿದ್ದ ಒಂಟಿ ಚಪ್ಪಲಿ. ಹೊಳೆಯೊಳಗೆ ಬಗ್ಗಿ ನೋಡಿದ. ಇನ್ನೊಂದು ಚಪ್ಪಲಿ ತೇಲುತ್ತಿತ್ತು. ಕೂಡಲೇ ಜೇಬಿನಿಂದ ಫೋನ್ ತೆಗೆದು, ಮಾತಾಡುತ್ತಲೇ ಮುಂದೆ ಓಡುತ್ತಿದ್ದ ಸೆನ್ಸೇಯ ಬೆನ್ನು ಹಿಡಿದ.

ಅಷ್ಟರಲ್ಲಿ ಕುರಾಮೋಚಿ ನುಕಾದಾನ ಮನೆಯ ಹಿತ್ತಿಲು ಸೇರಿದ್ದರು. ಸೇರಿ ಕಂಡದ್ದು ಇಷ್ಟು: ನುಕಾದಾನ ಬೆನ್ನು ಈ ಕಡೆಗಿತ್ತು. ಅವನು ಒಂದು ಸ್ಟೂಲಿನ ಮೇಲೆ ನಿಂತಿದ್ದ. ಸೂರಿನ ತೊಲೆಗೆ ಹಗ್ಗ ಕಟ್ಟುತ್ತಿದ್ದ.

"ಬೇಡ! ಬೇಡ ನುಕಾದಾ ಸಾನ್!" ಎಂದು ಕೂಗಿ ಕುರಾಮೋಚಿ ಹಾರಿ ಹೋಗಿ ಅವನ ಎರಡೂ ಕಾಲು ತಬ್ಬಿಕೊಂಡರು. ಸ್ಟೂಲು ಉರುಳಿತು. ನುಕಾದಾ ಉರುಳಿದ. ಅವನ ಮೇಲೆ ಸೆನ್ಸೇ, ಸೆನ್ಸೇಯ ಮೇಲೆ ಹಗ್ಗ, ಹಗ್ಗದ ಜೊತೆಗೆ ಸಿಪ್ಪೆ ತೆಗೆದು ಸಾಲಾಗಿ ಪೋಣಿಸಿದ್ದ ಪರ್ಸಿಮನ್ ಹಣ್ಣುಗಳು ಪಟಪಟನೆ ಉದುರಿದವು. ಚಳಿ ಶುರುವಾಗುವ ಹೊತ್ತಿಗೆ ಪ್ರತಿ ಮನೆಯ ಸೂರಿನಲ್ಲೂ ಒಣಗಲು ನೇತುಹಾಕುವ ಹಣ್ಣು. ಆ ಬೀದಿಯಲ್ಲಿ ಅವತ್ತು ಎಲ್ಲ ಮನೆಗಳ ಮುಂದೆಯೂ ನೇತಾಡುತ್ತಿದ್ದವು. ಕುರಾಮೋಚಿ ಅವುಗಳ ಕೆಳಗೇ ಓಡಿ ಬಂದಿದ್ದರು.

ಇಬ್ಬರೂ ನೆಲದ ಮೇಲೆ ಕುಳಿತೇ ಒಬ್ಬರಿಗೊಬ್ಬರು ತಲೆಬಾಗಿದರು.

"ದಯವಿಟ್ಟು ಕ್ಷಮಿಸಿ, ನುಕಾದಾ ಸಾನ್. ಪೆಟ್ಟಾಯ್ತಾ?"

"ಇಲ್ಲ ಇಲ್ಲ, ತಪ್ಪು ನಂದೇ. ಬೆನ್ನು ತೋರಿಸಿ ನಿಂತಿದ್ದೆ."

"ಇವತ್ತು ಮಂಗಳವಾರ. ನೀವು ಬರಲಿಲ್ಲ."

"ಪೇಪರಲ್ಲಿ ಓದಿದೆ ಸೆನ್ಸೇ. ನಾನು ಬಂದು ಚೆನ್ನಾಗಿದ್ದೀನಿ ಅಂದರೆ ತಮಗೆ ತೊಂದರೆ ಆಗುತ್ತಲ್ಲ ಅಂತ ಬರಲಿಲ್ಲ. ಹಣ್ಣು ಒಣಗಿದ ಮೇಲೆ ತಂದುಕೊಡೋಣ ಅಂತಿದ್ದೆ."

ಕುರಾಮೋಚಿ ಸುತ್ತಲೂ ಬಿದ್ದ ಹಣ್ಣು ನೋಡಿದರು. ಒಬ್ಬ ಮುದುಕ ತಿನ್ನುವಷ್ಟಲ್ಲ, ಒಂದು ಸಂಸಾರ ಚಳಿಗಾಲವೆಲ್ಲ ತಿನ್ನುವಷ್ಟಿತ್ತು. ಹೆಂಡತಿ ಇದ್ದಾಗ ಪೋಣಿಸುತ್ತಿದ್ದಷ್ಟೇ ಈಗಲೂ ಪೋಣಿಸಿರಬೇಕು. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಎಂದು ಅವರು ಯೋಚಿಸುತ್ತಿರುವಾಗಲೇ ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು.

"ಯಾರು ರೋಗಿ?" ಎಂದು ಇಳಿದವರು ಕೇಳಿದರು.

"ನಾನು," ಎಂದ ನುಕಾದಾ. "ಅಂದರೆ, ನಾನು ಇವರ ರೋಗಿ. ಆದರೆ ನಾನು ಚೆನ್ನಾಗಿದ್ದೀನಿ."

"ನಾನೂ ಚೆನ್ನಾಗಿದ್ದೀನಿ," ಎಂದರು ಕುರಾಮೋಚಿ. "ನಾನು ಇವರ ಡಾಕ್ಟರು."

"ಇವರೇ!" ಎಂದು ಕೊಮಿನಾಮಿ ಬೇಲಿಯಾಚೆಯಿಂದ ಕೂಗಿದ. "ಚಪ್ಪಲಿ ಸೇತುವೆ ಮೇಲಿಟ್ಟವರು ಇವರೇ! ನಾನೇ ಕಣ್ಣಾರೆ ನೋಡಿದೆ!"

ಬೇಲಿಯ ಆಚೆ ಆಗಲೇ ಅರ್ಧ ಬಡಾವಣೆ ನಿಂತಿತ್ತು. ಆಂಬುಲೆನ್ಸಿನವನು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಒಬ್ಬ ಶಾಂತವಾಗಿ ಹಣ್ಣು ಆರಿಸುತ್ತಿದ್ದಾನೆ. ಇನ್ನೊಬ್ಬನ ಮುಖ ಬಿಳಿಚಿದೆ, ಕಾಲಲ್ಲಿ ಮಣ್ಣಾದ ಕಾಲುಚೀಲ, ಕೊರಳಿಗೆ ಹಗ್ಗ ಸುತ್ತಿಕೊಂಡಿದೆ. ರಕ್ತದೊತ್ತಡ ನೋಡಿದ. ಆಮೇಲೆ ಅವನು ಮಾಡಿದ್ದನ್ನು ತಪ್ಪೆನ್ನಲು ಬರುವುದಿಲ್ಲ. ಕುರಾಮೋಚಿ ಸೆನ್ಸೇಯನ್ನು ಮಲಗಿಸಿ ಬೆಲ್ಟು ಬಿಗಿದ.

"ಜೊತೆಗೆ ಬರೋರು ಯಾರು? ಸಂಬಂಧ ಏನು?"

"ಅವರ ರೋಗಿ," ಎನ್ನುತ್ತಾ ನುಕಾದಾ ಹತ್ತಿ ಪಕ್ಕದಲ್ಲಿ ಕುಳಿತ.

ದಾರಿಯಲ್ಲಿ ಕುರಾಮೋಚಿ ಮುಖಕ್ಕಿಟ್ಟಿದ್ದ ಆಕ್ಸಿಜನ್ ಮುಚ್ಚಳ ಸರಿಸಿ ಕೇಳಿದರು: "ನುಕಾದಾ ಸಾನ್, ನಿಜ ಹೇಳಿ. ಹೇಗಿದ್ದೀರಿ?"

"ಈಗ ಅದೆಲ್ಲ ಬೇಡ ಸೆನ್ಸೇ," ಎಂದು ನುಕಾದಾ ಮುಚ್ಚಳವನ್ನು ಮೆಲ್ಲಗೆ ಮತ್ತೆ ಸರಿಮಾಡಿದ.

ಆಸ್ಪತ್ರೆಯಲ್ಲಿ ಅವತ್ತು ಕೆಲಸದಲ್ಲಿದ್ದವನು ಮಾಕಿಶಿಮಾ ಸೆನ್ಸೇಯ ಕೊನೆಯ ಶಿಷ್ಯ. ಸಂಜೆಯೊಳಗೆ ಸಂಘಕ್ಕೆಲ್ಲ ಸುದ್ದಿ ಮುಟ್ಟಿತು. ಹಣ್ಣು ಕಟ್ಟುತ್ತಿದ್ದ ರೋಗಿಯ ಮೇಲೆ ವೈದ್ಯ ಎರಗಿದ ಎಂದು ಕೆಲವರು, ಸೇತುವೆಯಿಂದ ಹಾರಿದ ವೈದ್ಯನನ್ನು ರೋಗಿ ಹಣ್ಣಿನ ಹಗ್ಗ ಎಸೆದು ಎಳೆದುಕೊಂಡ ಎಂದು ಕೆಲವರು ಹೇಳಿದರು. ಅಗತ್ಯವು ಅಂದುಕೊಂಡದ್ದಕ್ಕಿಂತ ತೀವ್ರವಾಗಿದೆ ಎಂದು ಮಾಕಿಶಿಮಾ ಸೆನ್ಸೇ ತರಬೇತಿಯನ್ನು ಮುಂದಿನ ವಾರಕ್ಕೇ ಇಟ್ಟರು.

ತರಬೇತಿಗೆ ಹೊರಡುವ ಮೊದಲು ಕುರಾಮೋಚಿ ಹೆಂಡತಿಗೆ ಹೇಳಿದರು: "ಇವತ್ತು ಏನೇ ಕೇಳಲಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ."

"ರೀ, ಹೋದ ಸಲ ಹಾಗೆ ಹೇಳಿಯೇ ಅಲ್ವಾ ಇಷ್ಟೆಲ್ಲ ಆಗಿದ್ದು?" ಎಂದರು ಸುಮಿಯೆ, ಕೋಟಿನ ಭುಜ ಒರೆಸುತ್ತಾ.

ಅದೇ ಹೋಟೆಲು, ಅದೇ ಮಹಡಿ. ಜಿಲ್ಲೆಯ ಮನೋವೈದ್ಯರೆಲ್ಲ ಬಂದಿದ್ದರು. ಬಂದರೆ ಹಾಜರಾತಿಗೆ ಅಂಕ ಸಿಗುತ್ತದೆ, ಅಂಕ ಕೂಡಿದರೆ ಮಾತ್ರ ಅರ್ಹತೆ ಮುಂದುವರಿಯುತ್ತದೆ. ಮಾಕಿಶಿಮಾ ಸೆನ್ಸೇ ಮೊದಲು ಹೊಸ ನಿದ್ರೆ ಮಾತ್ರೆಗಳ ಬಗ್ಗೆ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಮೊದಲೇ ತೀರ್ಮಾನವಾಗಿದ್ದ ವಿಷಯವನ್ನು ಒಬ್ಬ ಕುರಾಮೋಚಿಗಾಗಿ ಬಿಟ್ಟುಬಿಡಲು ಬರುವುದಿಲ್ಲವಲ್ಲ. ನಿದ್ರೆ ಮಾತ್ರೆಯ ವಿಷಯ ಕೇಳುತ್ತಾ ಹಲವರು ಮಾತ್ರೆಯ ಸಹಾಯವಿಲ್ಲದೆಯೇ ನಿದ್ರೆಹೋದರು. ಕೊನೆಯಲ್ಲಿ ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿಸಿದರು.

"ಈಗ ಪ್ರಾತ್ಯಕ್ಷಿಕೆ. ಕುರಾಮೋಚಿ, ಬಾ ಇಲ್ಲಿ. ನೀನು ರೋಗಿ, ನಾನು ವೈದ್ಯ. ನೋಡಿ ಕಲಿ."

ಕುರಾಮೋಚಿ ಹೋಗಿ ಕುಳಿತರು. ರೋಗಿಯ ಕುರ್ಚಿಯಲ್ಲಿ ಅವರು ಕುಳಿತದ್ದು ಅದೇ ಮೊದಲು. ಎದುರಿಗೆ ಗುರುಗಳ ಮುಖ, ಅದರ ಹಿಂದೆ ಸಾಲುಸಾಲು ಮುಖ. ನಿದ್ರೆ ಬರುತ್ತಿಲ್ಲ, ಕ್ಲಿನಿಕ್ಕಿಗೆ ಯಾರೂ ಬರುತ್ತಿಲ್ಲ, ಬಾಗಿಲ ಮೇಲೆ ನೆರಳು ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

"ಹೇಗಿದ್ದೀಯ?" ಎಂದರು ಮಾಕಿಶಿಮಾ ಸೆನ್ಸೇ.

"ತಮ್ಮ ದಯೆಯಿಂದ ಚೆನ್ನಾಗಿದ್ದೀನಿ," ಎಂದಿತು ಕುರಾಮೋಚಿಯ ಬಾಯಿ. ತಲೆ ತಾನಾಗಿ ಬಾಗಿತು.

ಅವರು ತಲೆಯೆತ್ತಿದಾಗ ಮುದುಕರು ಅವರನ್ನೇ ದಿಟ್ಟಿಸುತ್ತಿದ್ದರು. ಏನೋ ಕೇಳುವವರ ಹಾಗೆ ಅವರ ತುಟಿ ಒಂದು ಸಲ ಅಲುಗಿತು. ಆಮೇಲೆ ಅವರು ಸಭೆಯ ಕಡೆ ತಿರುಗಿದರು.

"ಗಮನಿಸಿದಿರಾ? ಧ್ವನಿ ನಡುಗಲಿಲ್ಲ. ಬೆನ್ನು ನೇರ. ತಲೆ ಬಾಗಿಸಿದ್ದು ಹದವಾಗಿ. ಇವನು ನಿಜವಾಗಿಯೂ ಚೆನ್ನಾಗಿದ್ದಾನೆ. ಅನುಭವ ಇದ್ದರೆ ಎಷ್ಟು ಸುಲಭ!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ತೋಗಾಶಿ ತಟ್ಟಿದರು. ಅವರು ಮಾತ್ರ ವೇದಿಕೆಯ ಕಡೆ ನೋಡುತ್ತಿರಲಿಲ್ಲ.

ಹೊರಗೆ ಕೋಟು ತೆಗೆದುಕೊಳ್ಳುವಲ್ಲಿ ಅಜಿಮಾ ಕಾಯುತ್ತಿದ್ದಳು. "ಸೆನ್ಸೇ, ತಮ್ಮ ಅಗತ್ಯ ಪೂರೈಸಿತಾ? ನಾನು ವರದಿ ಕಳಿಸಬೇಕು."

"ತುಂಬಾ ಉಪಕಾರವಾಯ್ತು."

ಅವಳು ಪೆನ್ನು ಹಿಡಿದವಳು ಬರೆಯಲಿಲ್ಲ. "ನಿಜವಾಗಲೂನಾ?"

ಹಿಂದೆ ಗುರುಗಳು ಲಿಫ್ಟಿಗೆ ಕಾಯುತ್ತಾ ನಿಂತಿದ್ದರು. ಸುತ್ತಲೂ ವೈದ್ಯರಿದ್ದರು. "ನಿಜವಾಗಲೂ," ಎಂದರು ಕುರಾಮೋಚಿ. ಅಜಿಮಾ ಬರೆದುಕೊಂಡಳು. ಆ ಪ್ರಾಂತ್ಯದಲ್ಲಿದ್ದ ಒಂದೇ ಒಂದು ಅಗತ್ಯವೂ ಅಲ್ಲಿಗೆ ತೀರಿತು.

ಮಂಗಳವಾರ ನುಕಾದಾ ಬಂದ. ಹೊರಗಿನ ಚಪ್ಪಲಿ ಕಳಚಿ, ಒಳಗಿನ ಚಪ್ಪಲಿ ಹಾಕಿಕೊಂಡು ಬಂದು ಕುಳಿತ.

"ಹೇಗಿದ್ದೀರಿ, ನುಕಾದಾ ಸಾನ್?"

"ತಮ್ಮ ದಯೆಯಿಂದ ಚೆನ್ನಾಗಿದ್ದೀನಿ." ತಲೆಬಾಗಿದ. ಧ್ವನಿ ನಡುಗಲಿಲ್ಲ. ಬೆನ್ನು ನೇರ. ಬಾಗಿದ್ದು ಹದವಾಗಿತ್ತು. ಕುರಾಮೋಚಿ ಎಲ್ಲವನ್ನೂ ಗಮನಿಸಿದರು. ತರಬೇತಿ ಪಡೆದವರು. ಏನೂ ತಿಳಿಯಲಿಲ್ಲ. ಮಾತ್ರೆ ಬರೆಯಲು ಪೆನ್ನು ತೆಗೆದರು.

"ತಾವು ಹೇಗಿದ್ದೀರಿ ಸೆನ್ಸೇ?" ಎಂದ ನುಕಾದಾ.

ಕುರಾಮೋಚಿ ಬಾಯಿ ತೆರೆದರು. ಎದುರಿಗೆ ಗುರುಗಳಿರಲಿಲ್ಲ, ಸಭೆ ಇರಲಿಲ್ಲ. ಆದರೂ ಅದೇ ಮಾತು ತಾನಾಗಿ ಹೊರಟು ಗಂಟಲವರೆಗೂ ಬಂದಿತ್ತು. ಅವರು ಅದನ್ನು ನುಂಗಿದರು. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಚೆನ್ನಾಗಿಲ್ಲ," ಎಂದರು.

ಮುಂದಿನ ಕೋಣೆಯಲ್ಲಿ ಗಾಜು ಒರೆಸುತ್ತಿದ್ದ ಸದ್ದು ನಿಂತಿತು.

ನುಕಾದಾ ಸಮಾಧಾನ ಹೇಳಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ. ಮೊಣಕಾಲ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಗೋಡೆಯ ಕ್ಯಾಲೆಂಡರು ನೋಡಿದ. ಬಾಗಿಲು ಪೂರ್ತಿ ಮುಚ್ಚಿದೆಯೇ ಎಂದು ನೋಡಿದ.

"ಎರಡು ವಾರಕ್ಕೊಂದು ಸಲ ಬಂದರೆ ಸಾಲಲ್ಲ ಅನ್ಸುತ್ತೆ," ಎಂದ. "ವಾರ ವಾರ ಬರ್ತೀನಿ."

ಯಾರಿಗೆ ಸಾಲುವುದಿಲ್ಲ ಎಂದು ಅವನು ಹೇಳಲಿಲ್ಲ. ಕುರಾಮೋಚಿ ಕೇಳಲಿಲ್ಲ. ಬಾಗಿಲ ಕಡೆ ತಿರುಗಿ, "ಹಾಮಾಜಿಮಾ ಸಾನ್, ಮುಂದಿನ ಮಂಗಳವಾರ ನುಕಾದಾ ಸಾನ್ ಹೆಸರು ಬರ್ಕೊಳ್ಳಿ," ಎಂದು ಕೂಗಿದರು.

"ಯಾವ ಹೊತ್ತಿಗೆ?"

"ಹೊರಗೆ ಯಾರೂ ಕಾಯ್ತಾ ಇರದ ಹೊತ್ತಿಗೆ," ಎಂದ ನುಕಾದಾ, ಮೆಲ್ಲಗೆ. "ಸ್ವಲ್ಪ ಜಾಸ್ತಿ ಹೊತ್ತು ಬೇಕಾಗಬಹುದು."

ಆ ಕಡೆಯಿಂದ ಹಾಮಾಜಿಮಾಳ ಉತ್ತರ ಕೂಡಲೇ ಬಂತು.

"ಹಾಗಿದ್ದರೆ ಯಾವಾಗ ಬೇಕಾದರೂ ಬನ್ನಿ."